ಇಬ್ಬರು ಹೆಂಗಸರಿಗೆ ಒಂದು ರೂಮು

ಬೆಂಗಳೂರಿಗೆ ಹೋಗುತ್ತೇವೆ ಎಂದು ಬಾಯಿ ಬಿಟ್ಟ ದಿನದಿಂದ ನಮ್ಮ ಓಣಿಯಲ್ಲಿ ಎಲ್ಲರೂ ನಮಗೆ ಬುದ್ಧಿ ಹೇಳುವವರೇ ಆದರು. ಹಗರಿಬೊಮ್ಮನಹಳ್ಳಿಯಲ್ಲಿ ಬೆಂಗಳೂರು ಕಂಡವರಿಗೇನೂ ಬರವಿರಲಿಲ್ಲ. ಆದರೆ ಕಂಡವರಿಗಿಂತ ಕಾಣದವರ ಹತ್ತಿರವೇ ಸಲಹೆಗಳು ಹೆಚ್ಚಿದ್ದವು. ಬಸ್ಸಿಳಿದ ಕೂಡಲೇ ಯಾರನ್ನೂ ದಾರಿ ಕೇಳಬೇಡಿ, ಹೊಸಬರು ಅಂತ ಗೊತ್ತಾಗುತ್ತದೆ ಎಂದು ಕಿರಾಣಿ ಅಂಗಡಿಯವರು ಹೇಳಿದರು. ಹೆಜ್ಜೆಹೆಜ್ಜೆಗೂ ಕೇಳಿಕೊಂಡೇ ಹೋಗಿ, ಇಲ್ಲದಿದ್ದರೆ ಕಳೆದುಹೋಗುತ್ತೀರಿ ಎಂದು ಅವರ ಹೆಂಡತಿ ಹೇಳಿದರು. ಆಟೋ ಹತ್ತಬೇಡಿ, ಸಿಟಿ ಬಸ್ಸೇ ಹತ್ತಿ. ಬಸ್ ಸ್ಟ್ಯಾಂಡಿನ ಎದುರಿಗೇ ಸಾಲಾಗಿ ಲಾಡ್ಜುಗಳಿವೆ, ಮೊದಲನೆಯದಕ್ಕೆ ಹೋಗಬೇಡಿ, ಒಳಗಿನ ರಸ್ತೆಗೆ ಹೋಗಿ, ಅಲ್ಲಿ ಅಗ್ಗ. ಮೊದಲು ರೂಮು ಹಿಡಿಯಿರಿ, ಮುಖ ತೊಳೆದುಕೊಳ್ಳಿ, ಆಮೇಲೆ ಕೆಲಸ. ಈ ಕೊನೆಯ ಮಾತನ್ನಂತೂ ಎಲ್ಲರೂ ಹೇಳಿದರು. ಹೇಳಿದವರೆಲ್ಲ ಗಂಡಸರು, ಇಲ್ಲವೇ ಗಂಡಸರ ಜೊತೆ ಹೋಗಿಬಂದವರು ಎಂಬುದು ನನಗಾಗಲಿ ಆಪಾಗಾಗಲಿ ಆಗ ಹೊಳೆಯಲಿಲ್ಲ.

ಆಪಾ ಎಂದರೆ ನಮ್ಮ ಹಿಂದಿನ ಓಣಿಯ ಮುಸ್ಲಿಂ ಹೆಂಗಸು; ಅಕ್ಕ ಎನ್ನುವುದಕ್ಕೆ ಅವರ ಮನೆಮಾತು ಅದು, ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಅವರ ಗಂಡ ಬಸ್ ಸ್ಟ್ಯಾಂಡಿನ ಬಳಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದರು. ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತಾಗ ಅವ್ವ ನನ್ನನ್ನು ಆಪಾ ಹತ್ತಿರ ಹೊಲಿಗೆ ಕಲಿಯಲು ಕಳಿಸಿದಳು. ಕಲಿಯಲು ಹೋದವಳು ಎರಡು ವರ್ಷದಲ್ಲಿ ಅವರ ಪಾಲುದಾರಳೇ ಆದೆ. ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಮಷೀನು ಹಾಕಿಕೊಂಡು ಜಂಪರು, ಲಂಗ, ಸೀರೆಗೆ ಫಾಲು ಹೊಲಿಯುವುದು ನಡೆದಿತ್ತು. ಕೋಗಳಿ ಕಡೆಯಿಂದ ಕೆಲವು ಹುಡುಗಿಯರು ಕಲಿಯಲೂ ಬರುತ್ತಿದ್ದರು. ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ಸೀರೆಯ ಅಂಚಿಗೆ ಪಿಕೋ ಮಾಡಿಸುವ, ಅಂದರೆ ಎಳೆ ಬಿಚ್ಚದಂತೆ ಮಷೀನಿನಲ್ಲಿ ಒತ್ತಾಗಿ ಹೊಲಿಸುವ ಹುಚ್ಚು ಆಗಷ್ಟೇ ನಮ್ಮ ಕಡೆಗೆ ಬಂದಿತ್ತು. ಆದರೆ ನಮ್ಮೂರಲ್ಲಿ ಪಿಕೋ ಮಷೀನು ಇರಲಿಲ್ಲ. ಬಂದ ಸೀರೆಗಳನ್ನೆಲ್ಲ ಗಂಟು ಕಟ್ಟಿ ಹೊಸಪೇಟೆಗೆ ಕಳಿಸುತ್ತಿದ್ದೆವು. ಅಲ್ಲಿನ ಪಿಕೋ ಅಂಗಡಿಯವರು ತಮ್ಮ ಕೆಲಸ ಮುಗಿದ ಮೇಲೆ ನಮ್ಮದನ್ನು ಮುಟ್ಟುತ್ತಿದ್ದರು.

ಒಮ್ಮೆ ಹಿರೇಹಡಗಲಿಯ ಮದುಮಗಳೊಬ್ಬಳ ಧಾರೆ ಸೀರೆ ಹೊಸಪೇಟೆಯಲ್ಲೇ ಉಳಿದುಬಿಟ್ಟಿತು. ಮದುವೆಯ ಹಿಂದಿನ ದಿನ ಹುಡುಗಿಯ ಸೋದರಮಾವ ಬಂದು ನಮ್ಮ ಪಡಸಾಲೆಯಲ್ಲಿ ನಿಂತು ಆಡಿದ ಮಾತುಗಳನ್ನು ನಮ್ಮ ಅವ್ವ ಒಳಗೆ ಕೂತು ಕೇಳಿಸಿಕೊಂಡಳು. ಆ ದಿನ ಆಪಾ ಕತ್ತರಿ ಕೆಳಗಿಟ್ಟು, ಇನ್ನು ಮೇಲೆ ಒಂದು ಸೀರೆಯನ್ನೂ ಹೊಸಪೇಟೆಗೆ ಕಳಿಸುವುದಿಲ್ಲ ಎಂದರು. ಬೆಂಗಳೂರಿನ ಚಿಕ್ಕಪೇಟೆ ಕಡೆ ಪಿಕೋ ಮಷೀನು ಮಾರುವ ಅಂಗಡಿಗಳಿವೆ, ಕೊಂಡವರಿಗೆ ಒಂದು ದಿನ ಕಲಿಸಿಯೂ ಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ಹೋಗಿ ತರುವುದೆಂದು ತೀರ್ಮಾನವಾಯಿತು.

ಜೊತೆಗೆ ಬರಲು ಗಂಡಸರು ಸಿಗಲಿಲ್ಲ. ಬೇಸಿಗೆಯಲ್ಲಿ ಮೋಟಾರುಗಳು ಸುಟ್ಟುಕೊಂಡು ಬರುವುದೇ ಹೆಚ್ಚು, ಆಪಾ ಗಂಡನ ಅಂಗಡಿಯ ಮುಂದೆ ರೈತರ ಸಾಲು. ನಮ್ಮಣ್ಣ ಹರಪನಹಳ್ಳಿಯಲ್ಲಿ ನೌಕರಿ ಮಾಡುತ್ತಿದ್ದ, ರಜೆ ಸಿಗಲಿಲ್ಲವೆಂದ. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ನಾವಿಬ್ಬರೇ ಹೋಗುತ್ತೇವೆ ಎಂದಾಗ ಅವ್ವ ಎರಡು ದಿನ ಮಾತೇ ಬಿಟ್ಟಳು. ಕೊನೆಗೆ ಆಪಾ ಬಂದು ಅವಳ ಪಕ್ಕ ಕೂತು, ನಿನ್ನ ಮಗಳು ನನ್ನ ಸೆರಗು ಬಿಟ್ಟು ಹೋಗುವುದಿಲ್ಲ ಎಂದ ಮೇಲೆ ರೊಟ್ಟಿ ಬಡಿಯಲು ಎದ್ದಳು.

ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಗಿನ ಹೊತ್ತಿಗೆ ಬೆಂಗಳೂರಿನಲ್ಲಿ ಇಳಿದೆವು. ಸಲಹೆಯಂತೆ ಮೊದಲು ರೂಮು ಹಿಡಿಯಲು ಹೊರಟೆವು. ಒಳರಸ್ತೆಯ ಲಾಡ್ಜೊಂದರ ಮೆಟ್ಟಿಲು ಹತ್ತಿದಾಗ ಮೇಜಿನ ಹಿಂದೆ ಕೂತಿದ್ದವನು ನಮ್ಮನ್ನು ನೋಡದೆ, ನಮ್ಮ ಬೆನ್ನ ಹಿಂದಿನ ಮೆಟ್ಟಿಲನ್ನೇ ನೋಡುತ್ತಿದ್ದ. ಆಪಾ ರೂಮು ಬೇಕೆಂದರು. ಅವನು ಮೆಟ್ಟಿಲ ಕಡೆಯಿಂದ ಕಣ್ಣು ತೆಗೆಯದೆ ಕೇಳಿದ.

"ಜೆಂಟ್ಸ್ ಬರ್ತಿದ್ದಾರಾ?"

ಯಾರೂ ಇಲ್ಲ, ನಾವಿಬ್ಬರೇ ಎಂದೆವು. ಬರೀ ಲೇಡೀಸಿಗೆ ಕೊಡೋದಿಲ್ಲ ಎಂದು ಅವನು ಪೇಪರು ತೆಗೆದುಕೊಂಡ. ಯಾಕೆ ಎಂದು ನಾನು ಕೇಳಿದೆ. ಅವನು ಪೇಪರಿನ ಹಾಳೆ ತಿರುಗಿಸಿದ. ಅದು ಆ ಒಂದು ಲಾಡ್ಜಿನ ದರಿದ್ರ ಎಂದುಕೊಂಡು ನಾವು ಕೆಳಗಿಳಿದೆವು. ಮೊದಲು ಮಷೀನಿನ ಕೆಲಸ ಮುಗಿಸಿ, ಮಧ್ಯಾಹ್ನ ನಿಧಾನವಾಗಿ ಬೇರೆ ರೂಮು ಹುಡುಕಿದರಾಯಿತು ಎಂದು ಆಪಾ ಹೇಳಿದರು. ಬಸ್ ಸ್ಟ್ಯಾಂಡಿನ ನಲ್ಲಿಯಲ್ಲೇ ಮುಖ ತೊಳೆದು, ಬೆಂಚಿನ ಮೇಲೆ ಕೂತು ರೊಟ್ಟಿ ತಿಂದೆವು.

ಇನ್ನು ಸಿಟಿ ಬಸ್ಸಿನ ಕಥೆ. ನಮ್ಮ ಕಡೆ ಬಸ್ಸಿನ ಹಣೆಯ ಮೇಲೆ ಅದು ಹೋಗುವ ಊರಿನ ಹೆಸರಿರುತ್ತದೆ, ಹತ್ತಿದರಾಯಿತು. ಅಲ್ಲಿ ಬೋರ್ಡಿನ ಮೇಲೆ ಒಂದು ನಂಬರು, ಎರಡು ಜಾಗದ ಹೆಸರು. ಯಾವುದರಿಂದ ಯಾವುದಕ್ಕೆ ಎಂದು ಬಸ್ಸಿಗೇ ಗೊತ್ತು. ಚಿಕ್ಕಪೇಟೆ ಇರುವುದು ಮಾರ್ಕೆಟ್ಟಿನ ಬಳಿ ಎಂದು ಕೇಳಿದ್ದರಿಂದ, ಮಾರ್ಕೆಟ್ ಎಂದು ಬರೆದಿದ್ದ ಬಸ್ಸೊಂದಕ್ಕೆ ಓಡಿಹೋಗಿ ಹಿಂದಿನ ಬಾಗಿಲಿಂದ ಹತ್ತಿದೆವು. ಲೇಡೀಸ್ ಮುಂದೆ ಹತ್ತಬೇಕು ಎಂದು ಕಂಡಕ್ಟರು ಗದರಿದ. ಅಷ್ಟೊಂದು ಗಂಡಸರ ನಡುವೆ ಚೀಲ ಹಿಡಿದು ನುಸುಳಿ ಮುಂದೆ ಹೋಗುವಷ್ಟರಲ್ಲಿ ನನ್ನ ಚಪ್ಪಲಿಯ ಬಾರು ಕಿತ್ತಿತು. ಚಿಕ್ಕಪೇಟೆ ಬಂದರೆ ಹೇಳ್ರಿ ಎಂದು ಪಕ್ಕದ ಹೆಂಗಸಿಗೆ ಹೇಳಿ ನಿಂತೆವು. ಆಕೆ, ನೀವು ಹುಬ್ಬಳ್ಳಿಯವರಾ ಎಂದರು. ಅಲ್ಲ, ಹಗರಿಬೊಮ್ಮನಹಳ್ಳಿ ಎಂದೆ. ಅದೇ, ಹುಬ್ಬಳ್ಳಿ ಕಡೆ ತಾನೆ ಎಂದು ಆಕೆ ಕಿಟಕಿಯಾಚೆ ನೋಡತೊಡಗಿದರು. ಬೆಂಗಳೂರಿನವರಿಗೆ ತುಮಕೂರು ದಾಟಿದರೆ ಎಲ್ಲವೂ ಹುಬ್ಬಳ್ಳಿಯೇ.

ಬಸ್ಸು ಹೋಗುತ್ತಲೇ ಇತ್ತು. ಅಂಗಡಿಗಳು ಕಡಿಮೆಯಾಗಿ ಮರಗಳು ಬಂದವು, ಮರಗಳು ಹೋಗಿ ಕಾರ್ಖಾನೆಯ ಗೋಡೆಗಳು ಬಂದವು. ಕೊನೆಗೆ ಬಸ್ಸಿನಲ್ಲಿ ಉಳಿದವರು ನಾವಿಬ್ಬರೇ. ಕಂಡಕ್ಟರು ಇಳಿಯಿರಿ ಎಂದ. ಮಾರ್ಕೆಟ್ ಎಲ್ಲಿ ಎಂದು ಆಪಾ ಕೇಳಿದರು.

"ಮಾರ್ಕೆಟ್ಟಿಂದ ಬಂದ ಬಸ್ಸು ಕಣಮ್ಮ ಇದು. ನೀವು ಉಲ್ಟಾ ಹತ್ತಿದ್ದೀರಿ."

ನಾವು ಟಿಕೆಟ್ಟು ಕೇಳುವಾಗಲೇ ಮಾರ್ಕೆಟ್ ಎಂದು ಹೇಳಿದ್ದೆವು. ಅವನು ಕೇಳಿಸಿಕೊಂಡಿರಲಿಲ್ಲವೋ, ಕೇಳಿಸಿಕೊಂಡೂ ಹರಿದುಕೊಟ್ಟನೋ ದೇವರೇ ಬಲ್ಲ. ಅದೇ ಬಸ್ಸಿನಲ್ಲಿ ಮತ್ತೆ ಟಿಕೆಟ್ಟು ತೆಗೆದುಕೊಂಡು ಬಂದ ದಾರಿಯಲ್ಲೇ ವಾಪಸು ಬಂದು, ನಾವು ಹತ್ತಿದ್ದ ಜಾಗವನ್ನೂ ದಾಟಿ, ಚಿಕ್ಕಪೇಟೆ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಮಷೀನಿನ ಅಂಗಡಿಯ ಯಜಮಾನರು, ಯಾಕಮ್ಮ ಇಷ್ಟು ತಡ ಎಂದರು. ಆಗಿದ್ದನ್ನೆಲ್ಲ ಹೇಳಿದೆವು. ಅವರು ನಕ್ಕು, ಬಸ್ ಸ್ಟ್ಯಾಂಡಿನಿಂದ ಇಲ್ಲಿಗೆ ನಡೆದೇ ಬರಬಹುದಿತ್ತಲ್ಲ, ಹೀಗೆ ಹೋಗಿ ಹಾಗೆ ತಿರುಗಿದರೆ ಅದೇ ಎಂದು ಕೈ ತೋರಿಸಿದರು. ಊರಲ್ಲಿ ಅಷ್ಟು ಜನ ಅಷ್ಟೊಂದು ಹೇಳಿದ್ದರು. ಈ ಒಂದು ಮಾತನ್ನು ಒಬ್ಬರೂ ಹೇಳಿರಲಿಲ್ಲ. ನನಗೆ ಅಲ್ಲೇ ಕೂತು ಅಳಬೇಕೆನ್ನಿಸಿತು. ಆಪಾ ನೀರು ಕೇಳಿ ಕುಡಿದರು.

ಅಂಗಡಿಯವರು ಒಳ್ಳೆಯವರೇ. ಮಷೀನು ತೋರಿಸಿದರು, ನಾವು ಒಪ್ಪಿದೆವು. ಕಲಿಸುವ ಮೆಕ್ಯಾನಿಕ್ಕು ಅವತ್ತು ಬೇರೆಲ್ಲೋ ಹೋಗಿದ್ದ, ಮಾರನೆಯ ಬೆಳಗ್ಗೆ ಬರುವವನಿದ್ದ. ರಾತ್ರಿ ಉಳಿಯುವುದು ಹೇಗೂ ನಮ್ಮ ಲೆಕ್ಕದಲ್ಲೇ ಇತ್ತು. ಮಷೀನನ್ನು ಅಲ್ಲೇ ಬಿಟ್ಟು ರೂಮು ಹುಡುಕಲು ಹೊರಟೆವು.

ಆ ಮಧ್ಯಾಹ್ನ ಹತ್ತಿದ ಮೆಟ್ಟಿಲುಗಳನ್ನು ಈಗಲೂ ನನ್ನ ಮೊಣಕಾಲುಗಳು ನೆನಪಿಟ್ಟುಕೊಂಡಿವೆ. ಅಗ್ಗದ ಲಾಡ್ಜುಗಳೆಲ್ಲ ಅದೇಕೋ ಮಹಡಿಯ ಮೇಲೆಯೇ ಇರುತ್ತವೆ. ಕೆಳಗೆ ಹೋಟೆಲು ಇಲ್ಲವೇ ಪಾತ್ರೆ ಅಂಗಡಿ, ಪಕ್ಕದಲ್ಲಿ ಕತ್ತಲೆಯ ಮೆಟ್ಟಿಲು, ಮೇಲೆ ಒಂದು ಮೇಜು. ಒಬ್ಬ ರೂಮು ಖಾಲಿಯಿಲ್ಲ ಎಂದ. ನಾವು ಇನ್ನೂ ಮೆಟ್ಟಿಲಿಳಿಯುತ್ತಿರುವಾಗಲೇ ನಮ್ಮ ಹಿಂದೆ ಬಂದವನಿಗೆ ಬೀಗದಕೈ ಕೊಟ್ಟ ಸದ್ದು ಕೇಳಿತು. ಇನ್ನೊಬ್ಬ ಸ್ವಲ್ಪ ಮರ್ಯಾದಸ್ಥ. ಪೊಲೀಸರು ಬಂದರೆ ನಮಗೆ ತೊಂದರೆ ಕಣಮ್ಮ, ನಿಮ್ಮ ಯಜಮಾನರನ್ನೋ ಅಣ್ಣತಮ್ಮಂದಿರನ್ನೋ ಕರೆದುಕೊಂಡು ಬನ್ನಿ, ಈಗಲೇ ಕೊಡುತ್ತೇನೆ ಎಂದ. ನಾವಿದ್ದರೆ ಪೊಲೀಸರು ಯಾಕೆ ಬರುತ್ತಾರೆ ಎಂದು ಆಪಾ ಕೇಳಿದರು. ಅವನು ನಾಚಿದವನಂತೆ ತಲೆ ತಗ್ಗಿಸಿದ. ಆಗ ನಮಗೆ ಅರ್ಥವಾಯಿತು, ಅವನು ನಮ್ಮನ್ನು ಏನೆಂದು ತಿಳಿದಿದ್ದಾನೆ ಎಂದು. ಆಪಾ ಮುಖ ಕೆಂಪಾಯಿತು. ಮೂರು ಮಕ್ಕಳ ತಾಯಿ, ತಲೆ ಮೇಲಿನ ಸೆರಗು ಜಾರಗೊಡದ ಹೆಂಗಸು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಮೆಟ್ಟಿಲಿಳಿದರು.

ಆಮೇಲೊಂದು ಕಡೆ ರೂಮು ಸಿಕ್ಕೇಬಿಟ್ಟಿತು ಅನ್ನಿಸಿತು. ವಯಸ್ಸಾದ ಮ್ಯಾನೇಜರು ರಿಜಿಸ್ಟರು ತೆರೆದು ಪೆನ್ನಿನ ಕ್ಯಾಪು ತೆಗೆದು ನನ್ನ ಹೆಸರು ಬರೆದುಕೊಂಡರು. ಆಪಾ ಹೆಸರು ಹೇಳಿದಾಗ ಪೆನ್ನು ನಿಂತಿತು. ನೀವಿಬ್ಬರೂ ಏನಾಗಬೇಕು ಎಂದರು. ಇಬ್ಬರೂ ಸೇರಿ ಹೊಲಿಗೆ ಅಂಗಡಿ ಇಟ್ಟಿದ್ದೇವೆ ಎಂದೆ. ಸಂಬಂಧ ಏನು ಎಂದು ಮತ್ತೆ ಕೇಳಿದರು. ಅಕ್ಕಪಕ್ಕದ ಮನೆಯವರು ಎಂದೆ. ಅವರು ಪೆನ್ನಿಗೆ ಕ್ಯಾಪು ಹಾಕಿದರು.

ಅಲ್ಲಿಂದ ವಾಪಸು ಅಂಗಡಿಯ ಯಜಮಾನರ ಹತ್ತಿರವೇ ಹೋದೆವು. ಲಾಡ್ಜುಗಳ ಸಹವಾಸ ಬೇಡ, ನಿಮ್ಮ ನಿಮ್ಮ ಸಮಾಜದ ಛತ್ರಗಳಿರುತ್ತವೆ, ಅಲ್ಲಿ ಹೆಣ್ಣುಮಕ್ಕಳಿಗೆ ಭಯವಿಲ್ಲ, ಖರ್ಚೂ ಕಡಿಮೆ ಎಂದು ಅವರು ದಾರಿ ಹೇಳಿದರು. ಮೊದಲು ನಮ್ಮವರ ಛತ್ರಕ್ಕೆ ಹೋದೆವು. ಅಲ್ಲಿದ್ದ ಹಿರಿಯರು ನನ್ನನ್ನು ಕೊಟ್ಟೂರಿನ ಕಡೆಯವಳೆಂದು ತಿಳಿದು ಖುಷಿಪಟ್ಟರು. ತಮ್ಮ ಮಗಳನ್ನು ಕೂಡ್ಲಿಗಿಗೆ ಕೊಟ್ಟಿದ್ದಾರಂತೆ. ಕೂರಿಸಿ ಮಜ್ಜಿಗೆ ತರಿಸಿದರು. ಆಪಾ ಹೆಸರು ತಿಳಿದ ಮೇಲೂ ಅವರ ದನಿ ಬದಲಾಗಲಿಲ್ಲ, ಮಾತು ಮಾತ್ರ ಬದಲಾಯಿತು. ನೀನು ಇರಬಹುದಮ್ಮ, ಹೆಂಗಸರ ಕೋಣೆಯಲ್ಲಿ ಜಾಗ ಇದೆ, ಅವರಿಗೆ ಮಾತ್ರ ಆಗುವುದಿಲ್ಲ, ಕಮಿಟಿಯವರ ನಿಯಮ ಎಂದರು. ಆಪಾ ಮಜ್ಜಿಗೆಯ ಲೋಟವನ್ನು ಪೂರ್ತಿ ಮುಗಿಸಿ, ಕೆಳಗಿಟ್ಟು ಎದ್ದರು.

ಆಮೇಲೆ ಮುಸಾಫಿರಖಾನೆ, ಆಪಾ ಸಮಾಜದವರ ಛತ್ರ. ಅಲ್ಲಿ ಆಪಾ ಒಬ್ಬರೇ ಒಳಗೆ ಹೋದರು. ನಾನು ಗೇಟಿನ ಹೊರಗೆ ಚೀಲ ಹಿಡಿದು ನಿಂತೆ. ಉರ್ದುವಿನಲ್ಲಿ ಬಹಳ ಹೊತ್ತು ಮಾತು ನಡೆಯಿತು. ಒಳಗಿದ್ದ ಮುದುಕರು ಕೈಮುಗಿಯುವಂತೆ ಕೈಯೆತ್ತಿ ಏನೋ ಹೇಳುತ್ತಿದ್ದುದು ಕಾಣುತ್ತಿತ್ತು. ಆಪಾ ಹೊರಬಂದಾಗ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು.

"ನನಗ ಕೊಡ್ತಾರಂತ. ನಿನಗ ಇಲ್ಲಂತ. ಇಲ್ಲೂ ಕಮಿಟಿ ಐತಿ" ಎಂದರು.

ಅಷ್ಟು ಹೊತ್ತಿಗೆ ಸಂಜೆಯಾಗುತ್ತಿತ್ತು. ಫುಟ್‌ಪಾತಿನ ಮೇಲೆ, ಬಾಳೆಹಣ್ಣಿನ ಗಾಡಿಯ ಪಕ್ಕದಲ್ಲಿ ನಾನು ಅವರಿಗೆ ಹೇಳಿದೆ, ಇದರಲ್ಲಿ ಇಷ್ಟು ಯೋಚನೆ ಮಾಡುವುದೇನಿದೆ, ನೀವು ಇಲ್ಲಿರಿ, ನಾನು ಛತ್ರಕ್ಕೆ ಹೋಗುತ್ತೇನೆ, ಬೆಳಗ್ಗೆ ಅಂಗಡಿಯ ಮುಂದೆ ಸೇರೋಣ ಎಂದು. ಒಂದು ರಾತ್ರಿಯ ಮಾತು. ಇಬ್ಬರಿಗೂ ತಲೆಯ ಮೇಲೆ ಸೂರು ಸಿಗುತ್ತದೆ. ಆಪಾ ಕೇಳಲೇ ಇಲ್ಲ. ನನಗೆ ಸಿಟ್ಟು ಬಂತು. ಕಿತ್ತ ಚಪ್ಪಲಿಯಲ್ಲಿ ನಡೆದು ಕಾಲು ಉರಿಯುತ್ತಿತ್ತು, ಹೊಟ್ಟೆ ಹಸಿದಿತ್ತು, ನಿಮ್ಮ ಹಟಕ್ಕೆ ನಾನು ರಸ್ತೆಯಲ್ಲಿ ಮಲಗಬೇಕೇ ಎಂದು ಜೋರಾಗಿಯೇ ಕೇಳಿದೆ. ಹಣ್ಣಿನ ಗಾಡಿಯವನು ತೂಗುವುದನ್ನು ನಿಲ್ಲಿಸಿ ನೋಡಿದ.

ಆಪಾ ದನಿ ಏರಿಸಲಿಲ್ಲ.

"ನಿಮ್ಮವ್ವ ನಿನ್ನ ನನ್ನ ಕೈಯಾಗ ಕೊಟ್ಟು ಕಳಿಸ್ಯಾಳ, ತಂಗಿ. ಯಾವ ಕಮಿಟಿ ಕೈಯಾಗೂ ಕೊಟ್ಟಿಲ್ಲ. ನೀ ಬೈದರೂ ಅಷ್ಟ, ಅತ್ತರೂ ಅಷ್ಟ."

ಹೀಗೆಂದು ನನ್ನ ಚೀಲವನ್ನೂ ತಾವೇ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು. ನಾನು ನಾಲ್ಕು ಹೆಜ್ಜೆ ಹಿಂದೆ ಹೋದೆ. ಆ ಸಿಟ್ಟು ನಿಜವಾಗಿ ಅವರ ಮೇಲಲ್ಲ ಎಂದು ನಡೆಯುತ್ತ ನಡೆಯುತ್ತ ತಿಳಿಯಿತು. ಆದರೆ ಬೇರೆ ಯಾರ ಮೇಲೆ ತೀರಿಸಿಕೊಳ್ಳುವುದು? ಮೇಜಿನ ಹಿಂದಿನವರು, ಮಜ್ಜಿಗೆ ಕೊಟ್ಟವರು, ಕೈಯೆತ್ತಿ ಮಾತಾಡಿದವರು, ಒಬ್ಬರೂ ನಮ್ಮನ್ನು ಬೈದಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬೆಳಗು ಮಾಡುವುದೆಂದು ಆಪಾ ಯೋಚನೆ. ಕೂತು ಸ್ವಲ್ಪ ಹೊತ್ತಿಗೇ ಲಾಠಿ ಹಿಡಿದ ಪೇದೆಯೊಬ್ಬ ಬಂದು ಯಾವ ಊರಿಗೆ ಎಂದು ಕೇಳಿ ಹೋದ. ಮತ್ತೊಂದು ಸುತ್ತು ಬಂದಾಗಲೂ ನಾವು ಅಲ್ಲೇ ಕೂತಿದ್ದೆವು. ಇನ್ನೂ ಹೋಗಲಿಲ್ಲವಾ, ಯಾವ ಬಸ್ಸಿಗೆ ಕಾಯುತ್ತಿದ್ದೀರಿ, ಇಲ್ಲಿ ಸುಮ್ಮನೆ ಕೂರುವ ಹಾಗಿಲ್ಲ ಎಂದ. ಆಪಾ ಕಣ್ಣಿಗೆ ಎದುರಿಗಿದ್ದ ಬಸ್ಸಿನ ಬೋರ್ಡು ಬಿತ್ತು. ಮೈಸೂರಿಗೆ ಎಂದುಬಿಟ್ಟರು.

"ಇದೇ ಮೈಸೂರು ಗಾಡಿ. ಹತ್ತಿ" ಎಂದು ಅವನು ಲಾಠಿಯಿಂದ ತೋರಿಸಿ ಅಲ್ಲೇ ನಿಂತ.

ಹತ್ತಿದೆವು. ಬೇರೆ ದಾರಿಯಿರಲಿಲ್ಲ. ಸೀಟಿನಲ್ಲಿ ಕೂತ ಮೇಲೆ ನಾನು ಗಾಬರಿಯಿಂದ ಆಪಾ ಮುಖ ನೋಡಿದೆ. ಅವರು ಚೀಲವನ್ನು ಕಾಲ ಕೆಳಗೆ ತಳ್ಳಿ, ಸೀಟಿಗೆ ತಲೆಯಾನಿಸಿ ಹೇಳಿದರು.

"ಹೋಗ್ಲಿ ಬಿಡು. ಇದರಾಗ ಮಲಗಿ ಹೋಗೂಣು, ಅದರಾಗ ಮಲಗಿ ಬರೂಣು. ಇಲ್ಲಿ ಗಂಡಸರು ಎಲ್ಲಿ ಅಂತ ಯಾರೂ ಕೇಳಂಗಿಲ್ಲ."

ಕಂಡಕ್ಟರು ಕೇಳಲಿಲ್ಲ, ನಿಜ. ಎಲ್ಲಿಗೆ ಎಂದ, ಎರಡು ಟಿಕೆಟ್ಟು ಹರಿದುಕೊಟ್ಟ, ಮುಂದಿನ ಸೀಟಿಗೆ ಹೋದ. ಒಬ್ಬರ ಹೆಗಲಿಗೆ ಒಬ್ಬರು ಒರಗಿ ಮೈಸೂರಿನವರೆಗೆ ನಿದ್ದೆ ಮಾಡಿದೆವು, ಅಲ್ಲಿ ಇಳಿದು ಮುಖ ತೊಳೆದು ಚಹಾ ಕುಡಿದು ಬೆಂಗಳೂರಿನ ಬಸ್ಸು ಹಿಡಿದು ಮತ್ತೆ ನಿದ್ದೆ ಮಾಡಿದೆವು. ಇವತ್ತಿಗೂ ನೀನು ಮೈಸೂರು ನೋಡಿದ್ದೀಯಾ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕೋ ನನಗೆ ತಿಳಿಯುವುದಿಲ್ಲ. ನೋಡಿದ್ದೇನೆ, ಅದರ ಬಸ್ ಸ್ಟ್ಯಾಂಡನ್ನು.

ಮಾರನೆಯ ದಿನ ಮೆಕ್ಯಾನಿಕ್ಕು ಬಂದ. ಬಂದವನು ಮೊದಲು ಕೇಳಿದ್ದು, ಯಜಮಾನರು ಬರಲಿಲ್ವಾ, ಮಷೀನು ನಡೆಸೋರು ಯಾರು ಎಂದು. ನಾವೇ ಎಂದೆವು. ಅವನು ಒಂದು ತುಂಡು ಬಟ್ಟೆ ಇಟ್ಟು ಸರಸರನೆ ಒಂದು ಅಂಚು ಓಡಿಸಿ, ಅಷ್ಟೇ, ಇಷ್ಟೇ ಕೆಲಸ ಎಂದು ಎದ್ದುಬಿಟ್ಟ. ಸೂಜಿ ಎಷ್ಟು ಅಗಲಕ್ಕೆ ಹೋಗಬೇಕೆಂದು ತಿರುಗಿಸುವ ಗುಂಡಿಯನ್ನು ಅವನು ಯಾವಾಗ ತಿರುಗಿಸಿದ ಎಂಬುದೇ ನಮಗೆ ಕಾಣಲಿಲ್ಲ. ಆಪಾ ಕೂತಲ್ಲಿಂದ ಏಳಲಿಲ್ಲ. ಇನ್ನೊಮ್ಮೆ ಮಾಡಿ ತೋರಿಸಿ ಎಂದರು. ಮಾಡಿದ. ಮತ್ತೊಮ್ಮೆ ಎಂದರು. ಅವನು ಗಡಿಯಾರ ನೋಡಿಕೊಂಡ. ಹಿಂದಿನ ದಿನ ಇಡೀ ಊರಿಗೆ ಹೂಂ ಎಂದುಕೊಂಡು ಬಂದಿದ್ದ ಹೆಂಗಸು ಆಗ ಬೇರೆಯೇ ಆಗಿದ್ದರು. ನಾನು ಹೊಲಿದು, ಅವರು ಹೊಲಿದು, ದಾರ ಕಡಿದು, ಮತ್ತೆ ಪೋಣಿಸಿ, ಅಂಚು ಸುರುಳಿಯಾಗದೆ ನೇರವಾಗಿ ಬರುವವರೆಗೂ ಅವನನ್ನು ಬಿಡಲಿಲ್ಲ. ಕೊನೆಕೊನೆಗೆ ಅವನೂ ತಣ್ಣಗಾಗಿ, ಎಣ್ಣೆ ಎಲ್ಲೆಲ್ಲಿ ಬಿಡಬೇಕೆಂದು ತಾನಾಗಿಯೇ ಹೇಳಿದ.

ಮಷೀನಿನ ತಲೆಭಾಗವನ್ನು ಗೋಣಿಚೀಲದಲ್ಲಿ ಸುತ್ತಿಕೊಟ್ಟರು. ಟೇಬಲ್ಲು, ಸ್ಟ್ಯಾಂಡನ್ನು ಲಾರಿ ಆಫೀಸಿನ ಮೂಲಕ ಕಳಿಸುವುದೆಂದಾಯಿತು. ಆ ಗೋಣಿಚೀಲ ನೋಡಿ ಸಿಟಿ ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ. ಆಟೋದವನೊಬ್ಬ ಬಾಯಿಗೆ ಬಂದಷ್ಟು ಕೇಳಿದ. ಆಪಾ ಉರ್ದುವಿನಲ್ಲಿ ಮಾತಾಡಿಸಿದಾಗ ಸ್ವಲ್ಪ ಇಳಿಸಿದ, ನಮ್ಮ ಊರು ಬಹಳ ದೂರದ್ದೆಂದು ತಿಳಿದ ಮೇಲೆ ಮತ್ತೆ ಏರಿಸಿದ. ನಡೆದೇ ಹೋಗಬಹುದಾದ ದಾರಿ ಈಗಂತೂ ಗೊತ್ತಿತ್ತಲ್ಲ. ಗೋಣಿಚೀಲದ ಎರಡು ತುದಿಗಳನ್ನು ಇಬ್ಬರೂ ಹಿಡಿದುಕೊಂಡು ಹೊರಟೆವು. ಕಬ್ಬಿಣದ ತೂಕ. ಹತ್ತು ಮಾರಿಗೊಮ್ಮೆ ಇಳಿಸುವುದು, ಕೈ ಬದಲಾಯಿಸುವುದು. ಜನ ಪಕ್ಕಕ್ಕೆ ಸರಿಯುವ ಬದಲು ನಮ್ಮ ನಡುವೆಯೇ ದಾಟಲು ನೋಡುತ್ತಿದ್ದರು. ಬಸ್ ಸ್ಟ್ಯಾಂಡು ಮುಟ್ಟಿದಾಗ ನನ್ನ ಬೆರಳುಗಳು ಮಡಚಿದ್ದು ಬಿಚ್ಚಲಿಲ್ಲ.

ನಮ್ಮ ಕಡೆಯ ಬಸ್ಸಿನ ಕಂಡಕ್ಟರು ಅದನ್ನು ಟಾಪಿನ ಮೇಲೆ ಹಾಕಿ ಎಂದ. ಆಪಾ ಒಪ್ಪಲಿಲ್ಲ. ಜಗಳವಾಯಿತು. ಆದರೆ ಆ ಜಗಳ ನಮ್ಮ ಭಾಷೆಯಲ್ಲಿ ನಡೆಯಿತು. ಯಾವ ಊರು ನಿಂದು ಎಂದು ಆಪಾ ಕೇಳಿದರು, ಅವನು ಹಡಗಲಿ ಎಂದ. ಹಡಗಲಿಯಾಗ ಯಾರ ಪೈಕಿ ಎಂದರು. ಅದು ಮುಗಿಯುವಷ್ಟರಲ್ಲಿ ಗೋಣಿಚೀಲ ನಮ್ಮ ಕಾಲಬಳಿಯೇ ಉಳಿಯಿತು. ಚಿತ್ರದುರ್ಗ ದಾಟುವವರೆಗೂ ನಾನು ಒಂದು ಕಾಲನ್ನು ಅದರ ಮೇಲಿಟ್ಟುಕೊಂಡೇ ಇದ್ದೆ.

ಊರಿಗೆ ಬಂದ ಮೇಲೆ ಆಪಾ ಗಂಡ ಎಲ್ಲಿ ಉಳಿದಿದ್ರಿ ಎಂದು ಕೇಳಿದರಂತೆ. ಮೈಸೂರಾಗ ಎಂದು ಆಪಾ ಹೇಳಿದರಂತೆ. ಎರಡೇ ದಿನದಲ್ಲಿ ಅದು ಓಣಿಯ ನಗೆಯ ಕಥೆಯಾಯಿತು. ಮಷೀನು ಖರೀದಿಗೆ ಬೆಂಗಳೂರಿಗೆ ಹೋಗಿ ಮೈಸೂರಿನಲ್ಲಿ ಮಲಗಿ ಬಂದವರು ಎಂದು ಕಿರಾಣಿ ಅಂಗಡಿಯಲ್ಲಿ ನಗುತ್ತಿದ್ದರು. ನಾನೂ ನಕ್ಕೆ, ಬಂದವರಿಗೆಲ್ಲ ನಾನೇ ಹೇಳಿ ನಗಿಸಿದೆ. ಅವ್ವ ಮಾತ್ರ ನಗಲಿಲ್ಲ. ಆ ಮೆಟ್ಟಿಲುಗಳ ಸಂಗತಿಯನ್ನು ನಾವಿಬ್ಬರೂ ಯಾರಿಗೂ ಹೇಳಿರಲಿಲ್ಲ, ಆದರೆ ಅವಳಿಗೆ ಹೇಗೋ ತಿಳಿದಿತ್ತು ಎಂದು ಈಗ ಅನ್ನಿಸುತ್ತದೆ.

ಮಷೀನು ನಮ್ಮನ್ನು ಉಳಿಸಿತು. ಕೊಟ್ಟೂರಿನಿಂದ, ಹಡಗಲಿಯಿಂದ ಸೀರೆಯ ಗಂಟುಗಳು ಬರತೊಡಗಿದವು. ಅವುಗಳ ಜೊತೆಗೆ ಇನ್ನೊಂದು ಕೆಲಸವೂ ಅಂಟಿಕೊಂಡಿತು. ಬೆಂಗಳೂರಿಗೆ ಹೋಗುವ ಹೆಂಗಸರೆಲ್ಲ ಪಡಸಾಲೆಗೆ ಬಂದು ಕೂತು, ಎಲ್ಲಿ ಉಳಿಯುವುದು, ಯಾವ ಬಸ್ಸು ಎಂದು ಕೇಳುತ್ತಿದ್ದರು. ಬಸ್ಸಿನ ವಿಷಯ ನಾನು ಚೆನ್ನಾಗಿ ಹೇಳುತ್ತಿದ್ದೆ. ಹತ್ತುವ ಮೊದಲು ಹೋಗ್ತಿದೆಯಾ, ಬರ್ತಿದೆಯಾ ಎಂದು ಕೇಳಿ, ಮುಂದಿನ ಬಾಗಿಲಿಂದ ಹತ್ತಿ, ಹತ್ತಿರದ ಜಾಗವಾದರೆ ನಡೆದೇ ಹೋಗಿ, ಹೊಸ ಚಪ್ಪಲಿ ಹಾಕಬೇಡಿ ಎಂದು. ಉಳಿಯುವ ವಿಷಯ ಬಂದಾಗ ಮಾತ್ರ ಯಾರಾದರೂ ಗಂಡಸರನ್ನು ಕರೆದುಕೊಂಡು ಹೋಗಿ ಎಂದು ನನ್ನ ಬಾಯಿಂದಲೇ ಬರುತ್ತಿತ್ತು. ಹೇಳಿದಾಗಲೆಲ್ಲ ನನಗೆ ನನ್ನ ಮೇಲೇ ರೇಗುತ್ತಿತ್ತು. ಆದರೆ ಬೇರೇನು ಹೇಳಲಿ?

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದೊಂದು ಲಾಡ್ಜು ಆಯಿತು. ಟೈಲ್ಸು ಹಾಕಿದ ಮುಂಭಾಗ, ಟಿವಿ ಇರುವ ರೂಮುಗಳು. ಅದರ ಮ್ಯಾನೇಜರು ನನಗೆ ಚೆನ್ನಾಗಿ ಗೊತ್ತಿದ್ದವನು. ಅವನ ಹೆಂಡತಿ ನಮ್ಮಲ್ಲೇ ಹೊಲಿಗೆ ಕಲಿತವಳು. ಒಂದು ಮಧ್ಯಾಹ್ನ ಇಬ್ಬರು ಹುಡುಗಿಯರು ನಮ್ಮ ಪಡಸಾಲೆಯ ಬಾಗಿಲಿಗೆ ಬಂದರು. ಬಾಗಳಿಯ ಕಲ್ಲೇಶ್ವರ ಗುಡಿ, ಕೋಗಳಿಯ ಬಸದಿ ನೋಡಿ ಟಿಪ್ಪಣಿ ಮಾಡಿಕೊಳ್ಳಲು ಬಂದಿದ್ದ ಕಾಲೇಜಿನವರು. ಹೆಗಲಿಗೆ ಕ್ಯಾಮರಾ, ಮುಖವೆಲ್ಲ ಧೂಳು. ಇಲ್ಲಿ ಹೆಂಗಸರಿಗೆ ಉಳಿಯಲು ಎಲ್ಲಾದರೂ ಜಾಗವಿದೆಯಾ ಎಂದು ಕೇಳಿದರು. ಲಾಡ್ಜಿನಲ್ಲಿ ಕೇಳಿದಿರಾ ಎಂದೆ. ಕೇಳಿದೆವು, ಜೊತೆಗೆ ಯಾರೂ ಇಲ್ಲದಿದ್ದರೆ ಕೊಡುವುದಿಲ್ಲ ಅಂದರು ಎಂದಳು ಒಬ್ಬಳು. ಹೇಳುವಾಗ ಅವಳು ನಗಲು ನೋಡಿದಳು.

ಹೊಲಿಯುತ್ತಿದ್ದ ಸೀರೆಯನ್ನು ಹಾಗೇ ಬಿಟ್ಟು ನಾನು ಲಾಡ್ಜಿಗೆ ಹೋದೆ. ಮ್ಯಾನೇಜರು ನನ್ನನ್ನು ಕಂಡು ಎದ್ದು ನಿಂತ, ಕುರ್ಚಿ ಹಾಕಿದ. ಆ ಹುಡುಗಿಯರಿಗೆ ರೂಮು ಯಾಕೆ ಕೊಡಲಿಲ್ಲ ಎಂದು ಕೇಳಿದೆ. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ನನಗೇನೂ ಇಲ್ಲ ಅಕ್ಕಾರ, ಹುಡುಗ್ಯಾರು ಛಲೋ ಅದಾರ. ಮಾಲಕ್ರು ಬ್ಯಾಡ ಅಂದಾರ. ನಾಳಿ ಏನರ ಆದ್ರ ನಮ್ಮ ಲಾಡ್ಜಿನ ಹೆಸ್ರು ಕೆಡ್ತೈತಿ."

ಏನಾಗುತ್ತದೆ ಎಂದೆ. ಅವನು ರಿಜಿಸ್ಟರನ್ನು ಮೇಜಿನ ಅಂಚಿಗೆ ಸರಿಸಿದ. ನಾನೇ ಜೊತೆಗೆ ಬಂದು ಸಹಿ ಮಾಡುತ್ತೇನೆ ಎಂದೆ. ನಿಮ್ಮ ಸಹಿ ಆಗುವುದಿಲ್ಲ ಅಕ್ಕಾರ, ಅಣ್ಣಾವ್ರ ಸಹಿ ಆದರೆ ನೋಡೋಣ ಎಂದ. ನಮ್ಮಣ್ಣ ಹರಪನಹಳ್ಳಿಯಲ್ಲಿದ್ದ. ಆ ಹುಡುಗಿಯರನ್ನು ಅವನು ಕಣ್ಣಿನಿಂದ ಕಂಡಿರಲಿಲ್ಲ. ಅವರನ್ನು ಕಂಡು ಮಾತಾಡಿ ಎದುರಿಗೆ ನಿಂತಿದ್ದವಳು ನಾನು. ಹತ್ತು ವರ್ಷದಿಂದ ಈ ಊರಿನಲ್ಲಿ ಅಂಗಡಿ ನಡೆಸಿಕೊಂಡು ಬಂದವಳು. ಇದನ್ನೆಲ್ಲ ಅವನಿಗೆ ಹೇಳಿದೆ. ಅವನು ಹೌದ್ರಿ, ಹೌದ್ರಿ ಎನ್ನುತ್ತಲೇ ಇದ್ದ. ಒಂದು ಮಾತಿಗೂ ಇಲ್ಲ ಎನ್ನಲಿಲ್ಲ, ರೂಮು ಮಾತ್ರ ಕೊಡಲಿಲ್ಲ.

ವಾಪಸು ಬಂದಾಗ ಆಪಾ ಆಗಲೇ ಆ ಹುಡುಗಿಯರನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು. ನಾನು ಹೋಗಿ ನೋಡಿದರೆ ಅವರು ಮಿಂದು ಬಂದು, ಒದ್ದೆ ತಲೆಯಲ್ಲಿ ಅಡುಗೆಮನೆಯಲ್ಲಿ ಕೂತು ಊಟ ಮಾಡುತ್ತಿದ್ದರು. ಲಾಡ್ಜಿನಲ್ಲಿ ಏನಂದ ಎಂದು ಆಪಾ ಕೇಳಿದರು. ಹೇಳಿದೆ. ಆಪಾ ಹುಡುಗಿಯರ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದರು.

ಒಂದು ವಾರ ಕಳೆದು ಆ ಮ್ಯಾನೇಜರನ ಹೆಂಡತಿ ಪಿಕೋ ಮಾಡಿಸಲು ಎರಡು ಸೀರೆ ತಂದಳು. ನನಗೆ ತಿರುಗಿಸಿ ಕಳಿಸಬೇಕೆನ್ನಿಸಿತು. ಅವಳ ತಪ್ಪೇನು ಎಂದು ಆಪಾ ಗದರಿದರು. ಇಸಿದುಕೊಂಡೆ, ಅವತ್ತೇ ಮುಗಿಸಿ ಕೊಟ್ಟೆ. ಕೊಡುವಾಗ ಅವಳ ಮುಖವನ್ನು ನೋಡಲು ಮಾತ್ರ ನನ್ನಿಂದ ಆಗಲಿಲ್ಲ.